ಇಸವಿಗಳ ನಡುವಿನ ಅಂತರ: ವಿಶ್ವ ವಾಯುಕ್ರೀಡಾಕೂಟದ ಪಾಠ

ತರಗತಿ: 9. ಅವಧಿ: 40 ನಿಮಿಷ.
ಬೋಧನೋಪಕರಣಗಳು: ವಿಶ್ವ ಭೂಪಟ, ಕಾಲರೇಖೆಯ ಪಟ್ಟಿ.

ಉದ್ದೇಶ: ವಿದ್ಯಾರ್ಥಿಯು ಇಸವಿಗಳನ್ನು ಬಾಯಿಪಾಠ ಮಾಡದೆ, ಅವುಗಳ ನಡುವಿನ ಅಂತರದಿಂದ ಪ್ರಶ್ನೆ ರೂಪಿಸುವನು.

ಪೀಠಿಕೆ: “ಒಲಿಂಪಿಕ್ಸ್ ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ?” ಉತ್ತರ ಬಂದ ಮೇಲೆ, “ಆಕಾಶದಲ್ಲಿ ಆಡುವ ಆಟಗಳಿಗೂ ಅಂಥ ಕೂಟವಿದೆಯೇ?” ಎಂದು ಕೇಳಿ ಪಾಠವನ್ನು ಘೋಷಿಸುವುದು.

ವಿಷಯ ನಿರೂಪಣೆ: ವಾಯುಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಎಐ 1905ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. ಬಲೂನು, ಗ್ಲೈಡರ್, ಪ್ಯಾರಾಚೂಟ್, ವಿಮಾನ ಕಸರತ್ತು, ಮಾದರಿ ವಿಮಾನ ಮುಂತಾದವುಗಳಿಗೆ ಬೇರೆಬೇರೆ ವಿಶ್ವ ಚಾಂಪಿಯನ್‌ಷಿಪ್‌ಗಳಿದ್ದವು. ಅವುಗಳನ್ನು ಒಂದೇ ಕೂಟದಲ್ಲಿ ಸೇರಿಸುವ ಪ್ರಯತ್ನವೇ ವಿಶ್ವ ವಾಯುಕ್ರೀಡಾಕೂಟ. ಮೊದಲ ಕೂಟ 1997ರಲ್ಲಿ ಟರ್ಕಿಯ ಹಲವು ಊರುಗಳಲ್ಲಿ ನಡೆಯಿತು. ಮುಂದಿನವು: 2001 ಸ್ಪೇನ್, 2009 ಇಟಲಿಯ ಟ್ಯೂರಿನ್, 2015 ದುಬೈ. 2020ಕ್ಕೆ ಮತ್ತೆ ಟರ್ಕಿಯಲ್ಲಿ ಯೋಜಿಸಿದ್ದ ಕೂಟ ನಡೆಯಲಿಲ್ಲ.

ಚಟುವಟಿಕೆ: ಮಕ್ಕಳು ಇಸವಿಗಳನ್ನು ಕಾಲರೇಖೆಯಲ್ಲಿ ಗುರುತಿಸಿ ಕಳೆಯುವರು: 4, 8, 6. “ಅಂತರ ಏಕೆ ಸಮವಾಗಿಲ್ಲ?” ಎಂಬ ಪ್ರಶ್ನೆ ತರಗತಿಯಿಂದಲೇ ಬರಬೇಕು, ಬರುವವರೆಗೆ ಶಿಕ್ಷಕರು ಕಾಯಬೇಕು.

ಆಗ ಈ ಅಂಶಗಳನ್ನು ಕಪ್ಪುಹಲಗೆಯಲ್ಲಿ ಬರೆಯುವುದು. ಬಿಸಿಗಾಳಿ ಬಲೂನಿಗೆ ಬೆಳಗಿನ ಅಥವಾ ಸಂಜೆಯ ಶಾಂತ ಗಾಳಿ ಬೇಕು. ಎಂಜಿನ್ನಿಲ್ಲದ ಗ್ಲೈಡರಿಗೆ, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಬೇಕು. ಪ್ಯಾರಾಚೂಟ್ ಜಿಗಿತಕ್ಕೆ ವಿಮಾನವೂ ಇಳಿಯಲು ಬಯಲೂ ಬೇಕು. ಕಸರತ್ತಿನ ವಿಮಾನಕ್ಕೆ ಬೇರೆ ವಿಮಾನ ಸುಳಿಯದ ಆಕಾಶ ಬೇಕು. ಓಟ, ಜಿಗಿತ, ಎಸೆತಗಳಿಗೆ ಒಂದೇ ಕ್ರೀಡಾಂಗಣ ಸಾಕು. ಇಲ್ಲಿ ಒಂದೊಂದು ಆಟಕ್ಕೂ ಒಂದೊಂದು ಆಕಾಶ. ಆತಿಥೇಯರ ಹೊರೆ ಎಷ್ಟೆಂದು ಮಕ್ಕಳೇ ಊಹಿಸಲಿ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: “ಹವಾಮಾನದಿಂದಲೇ ಎಂಟು ವರ್ಷ ತಡವಾಯಿತು” ಎಂದು ವಿದ್ಯಾರ್ಥಿ ಹೇಳಿದರೆ ಕೂಡಲೇ ಭೇಷ್ ಎನ್ನಬೇಡಿ. ಕಾಲರೇಖೆ ಅಂತರವನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. “ಇದನ್ನು ಖಚಿತಪಡಿಸಲು ಯಾವ ದಾಖಲೆ ನೋಡಬೇಕು?” ಎಂದು ಕೇಳಿ. ಊಹೆಗೂ ಸಂಗತಿಗೂ ಇರುವ ಗೆರೆಯನ್ನು ಮಗು ಇಲ್ಲಿ ಕಾಣದಿದ್ದರೆ, ನಾಲ್ಕು ಇಸವಿಗಳು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ.

ಮೌಲ್ಯಮಾಪನ:
1. ಅತಿ ದೀರ್ಘ ಅಂತರ ಯಾವ ಎರಡು ಕೂಟಗಳ ನಡುವೆ ಇದೆ?
2. ಬಲೂನು ಮತ್ತು ಗ್ಲೈಡರ್ ಸ್ಪರ್ಧೆಗಳನ್ನು ಒಂದೇ ಹೊತ್ತಿನಲ್ಲಿ ಇಡುವುದು ಏಕೆ ಕಷ್ಟ?

ಮನೆಗೆಲಸ: ನಡೆಯದ 2020ರ ಕೂಟವನ್ನು ಕಾಲರೇಖೆಯಲ್ಲಿ ಹೇಗೆ ತೋರಿಸುವಿರಿ? ಗುರುತು ಹಾಕಿ, ಎರಡು ವಾಕ್ಯಗಳಲ್ಲಿ ಸಮರ್ಥಿಸಿ.