ಚಕ್ಲಿ ಹಿಟ್ಟಿನ ಹದ, ಸೆರಾಮಿಕ್ ಶಾಯಿಯ ಹದ



ಶಾಯಿ ಅಂದ ಕೂಡಲೇ ನಮಗೆ ನೆನಪಾಗೋದು ಪೆನ್ನು. ಈ ಗೋಡೆ ಪತ್ರಿಕೆ ಬರೆದಿರೋದೂ ಶಾಯಿಯಲ್ಲೇ. ಆದರೆ ಒಂದರ ಮೇಲೊಂದು ಗೆರೆ ಎಳೆಯುತ್ತಾ ಹೋದರೆ ಗೋಡೆಯ ಹಾಗೆ ಮೇಲೇಳುವ, ಆಮೇಲೆ ಬೆಂಕಿಯಲ್ಲಿ ಸುಟ್ಟರೆ ಕಲ್ಲಿನಂತೆ ಗಟ್ಟಿಯಾಗುವ ಶಾಯಿಯೂ ಇದೆ. ಅದಕ್ಕೆ ಸೆರಾಮಿಕ್ ಶಾಯಿ ಎನ್ನುತ್ತಾರೆ. ಅದರಿಂದ ವಸ್ತುಗಳನ್ನೇ ಮುದ್ರಿಸುವುದಕ್ಕೆ ಮೂರು ಆಯಾಮದ ಮುದ್ರಣ ಅಂತ ಹೆಸರು.

ಸೆರಾಮಿಕ್ ಅಂದರೆ ಹೆದರಬೇಡಿ. ಮಣ್ಣಿನಂಥ ಪುಡಿಗೆ ರೂಪ ಕೊಟ್ಟು ಸುಟ್ಟು ಗಟ್ಟಿ ಮಾಡಿದ್ದೆಲ್ಲ ಸೆರಾಮಿಕ್ಕೇ. ಮಡಕೆ, ಹಣತೆ, ಪಿಂಗಾಣಿ ಕಪ್ಪು, ಕರೆಂಟ್ ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲು, ಎಲ್ಲವೂ ಅದೇ ಜಾತಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲೇ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಹೆಂಚನ್ನು ಅಚ್ಚಿನಲ್ಲಿ ಒತ್ತುತ್ತಾರೆ, ಮಡಕೆಯನ್ನು ತಿಗರಿ ಮೇಲೆ ಎಬ್ಬಿಸುತ್ತಾರೆ. ಆದರೆ ಜೇನುಗೂಡಿನ ಹಾಗೆ ಒಳಗೆಲ್ಲ ಸಣ್ಣ ಸಣ್ಣ ಕಿಂಡಿ ಇರುವ ವಸ್ತು ಬೇಕಾದರೆ? ಅದು ತಿಗರಿಯಲ್ಲೂ ಆಗಲ್ಲ, ಅಚ್ಚಿನಲ್ಲೂ ಆಗೋದು ಕಷ್ಟ.

ಸುಟ್ಟ ಮೇಲೆ ಉಳಿಯಿಂದ ಕೊರೆದರಾಯ್ತು ಅಂತ ನಮ್ಮೂರಿನವರಿಗೆ ಅನ್ನಿಸಬಹುದು. ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಆನೆಯ ಸೊಂಡಿಲಿನಿಂದ ಹಿಡಿದು ಸರದ ಮಣಿವರೆಗೂ ಕಲ್ಲಿನಲ್ಲೇ ಕೊರೆದಿಲ್ಲವೇ? ಆದರೆ ಅದು ಬಳಪದ ಕಲ್ಲು, ಕಲ್ಲುಗಳಲ್ಲಿ ಮೆತ್ತಗಿನದು. ಸುಟ್ಟ ಅಲ್ಯೂಮಿನಾ ಅನ್ನುವ ಸೆರಾಮಿಕ್ ಎಷ್ಟು ಗಟ್ಟಿ ಅಂದರೆ ಅದನ್ನು ಉಜ್ಜಲು ವಜ್ರದ ಪುಡಿ ಹಾಕಿದ ಚಕ್ರ ಬೇಕು. ಆದ್ದರಿಂದ ಮೆತ್ತಗಿರುವಾಗಲೇ ಪೂರ್ತಿ ರೂಪ ಕೊಟ್ಟುಬಿಡಬೇಕು. (ಇನ್ನೊಂದು ಮಾತು. ಬಳಪದ ಕಲ್ಲಿನಲ್ಲಿ ಟಾಲ್ಕ್ ಅನ್ನುವ ಖನಿಜ ಇರುತ್ತೆ, ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಇರೋದೂ ಅದೇ. ಉಗುರಲ್ಲಿ ಕೆರೆದರೆ ಉದುರುವ ಆ ಟಾಲ್ಕಿನ ಪುಡಿಗೆ ಸ್ವಲ್ಪ ಜೇಡಿಮಣ್ಣು ಸೇರಿಸಿ 1300 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಟ್ಟರೆ ಕರೆಂಟ್ ತಡೆಯುವ ಗಟ್ಟಿ ಸೆರಾಮಿಕ್ ಆಗುತ್ತೆ!)

ಈಗ ಶಾಯಿಯ ವಿಷಯ. ಹಬ್ಬಕ್ಕೆ ಚಕ್ಲಿ ಒತ್ತೋದನ್ನು ನೀವೆಲ್ಲ ನೋಡಿದ್ದೀರಿ. ಹಿಟ್ಟು ನೀರಾದರೆ ಎಳೆ ಚಪ್ಪಟೆಯಾಗಿ ಮುಳ್ಳು ಮಾಯ. ಗಟ್ಟಿಯಾದರೆ ಒರಳು ಒತ್ತಕ್ಕೇ ಆಗಲ್ಲ, ಎಳೆ ತುಂಡು ತುಂಡಾಗುತ್ತೆ. ಮುದ್ರಣ ಯಂತ್ರವೂ ಒಂದು ಚಕ್ಲಿ ಒರಳೇ. ಒತ್ತುವ ಕೈ ಬದಲು ಕಂಪ್ಯೂಟರ್ ಹೇಳಿದ ಕಡೆಗೆ ಓಡಾಡುವ ಸಿರಿಂಜು ಇರುತ್ತೆ, ಅದರ ತುದಿಯಿಂದ ಕೂದಲಿಗಿಂತ ಸ್ವಲ್ಪ ದಪ್ಪದ ಎಳೆ ಬರುತ್ತೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1990ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದರು.

ಶಾಯಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪುಡಿಯೇ. ಉಳಿದದ್ದು ನೀರು, ಜೊತೆಗೆ ಚೂರು ಅಂಟು. ಅಲ್ಯೂಮಿನಾ ಪುಡಿಯನ್ನು ನಮ್ಮ ರಾಜ್ಯದ ಬೆಳಗಾವಿಯಲ್ಲೇ ಹಿಂಡಾಲ್ಕೊ ಕಾರ್ಖಾನೆಯವರು ಬಾಕ್ಸೈಟ್ ಅದಿರಿನಿಂದ ಮಾಡುತ್ತಾರೆ. ಶಾಯಿಗೆ ಹಾಕುವ ಪುಡಿ ಬಹಳ ನುಣ್ಣಗಿರಬೇಕು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಬರುವಷ್ಟು ಸಣ್ಣ ಕಣ! ಈ ಕಣಗಳು ಸುಮ್ಮನಿದ್ದಾಗ ಒಂದನ್ನೊಂದು ಹಿಡಿದುಕೊಂಡು ಬಲೆಯ ಹಾಗೆ ನಿಲ್ಲುತ್ತವೆ. ಒತ್ತಿದರೆ ಬಲೆ ಕಳಚಿ ಹರಿಯುತ್ತವೆ. ಒತ್ತೋದು ನಿಲ್ಲಿಸಿದರೆ ಮತ್ತೆ ಹಿಡಿದುಕೊಳ್ಳುತ್ತವೆ. ಹಲ್ಲುಜ್ಜುವ ಪೇಸ್ಟ್ ನೋಡಿ, ಟ್ಯೂಬು ಒತ್ತಿದಾಗ ಬರುತ್ತೆ, ಬ್ರಷ್ ಮೇಲೆ ಕೂತ ಮೇಲೆ ಹರಿಯಲ್ಲ. ಒಳ್ಳೆ ಶಾಯಿಯ ಗುಣವೂ ಇದೇ. ಗಾಳಿಗುಳ್ಳೆ ಮಾತ್ರ ಇರಬಾರದು, ಇದ್ದರೆ ಎಳೆ ಅಲ್ಲೇ ಕಡಿಯುತ್ತೆ.

ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್ ಅಂಚೆ ಕಚೇರಿ 2023ರ ಆಗಸ್ಟಿನಲ್ಲಿ ಉದ್ಘಾಟನೆ ಆಯ್ತು. ಅದರ ಗೋಡೆಗಳನ್ನು ಹೀಗೇ ಯಂತ್ರದಿಂದ ಪದರ ಪದರವಾಗಿ ಎಬ್ಬಿಸಿದ್ದು. ಆದರೆ ಅದು ಕಾಂಕ್ರೀಟು, ತಾನಾಗಿ ಗಟ್ಟಿಯಾಗುತ್ತೆ. ಸೆರಾಮಿಕ್ಕಿಗೆ ಮುದ್ರಣ ಆದ ಮೇಲೆಯೇ ನಿಜವಾದ ಪರೀಕ್ಷೆ. ಮೊದಲು ನೀರು ನಿಧಾನಕ್ಕೆ ಆರಬೇಕು, ಆಮೇಲೆ ಅಂಟು ನಿಧಾನಕ್ಕೆ ಉರಿದು ಹೋಗಬೇಕು. ಕೊನೆಗೆ ಸುಮಾರು 1600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಲ್ಯೂಮಿನಾ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸೆದಾಗ ನಡುವಿನ ಸಂದಿ ಮುಚ್ಚುತ್ತೆ, ವಸ್ತು ಚಿಕ್ಕದಾಗುತ್ತೆ. ಶೇಕಡ 20ರಷ್ಟು ಕುಗ್ಗುವ ಶಾಯಿಯಾದರೆ 8 ಸೆಂ.ಮೀ. ವಸ್ತು ಬೇಕೆಂದಾಗ 10 ಸೆಂ.ಮೀ. ಮುದ್ರಿಸಬೇಕು. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಕುಗ್ಗಿದರೆ ಬಿರುಕೇ ಗತಿ.

ಇಷ್ಟು ಕಷ್ಟ ಯಾಕೆ ಅಂದರೆ, ನಮ್ಮ ಮೂಳೆಯಲ್ಲಿರುವ ಖನಿಜವೂ ಒಂಥರಾ ಸೆರಾಮಿಕ್ಕೇ. ಅದೇ ಜಾತಿಯ ಕ್ಯಾಲ್ಸಿಯಂ ಪುಡಿಯಿಂದ ಶಾಯಿ ಮಾಡಿ, ಕಿಂಡಿ ಕಿಂಡಿಯಾಗಿ ಮುದ್ರಿಸಿ, ಮೂಳೆ ಹೋದ ಜಾಗದಲ್ಲಿ ಇಟ್ಟರೆ ಆ ಕಿಂಡಿಗಳೊಳಗೆ ಹೊಸ ಮೂಳೆ ಬೆಳೆಯುತ್ತೆ. ಅಪಘಾತದಲ್ಲಿ ಮೂಳೆ ಪುಡಿಯಾದವರಿಗೆ ಇಂಥದು ಬೇಕಾಗುತ್ತೆ.

ನನಗೆ ಇದರಲ್ಲಿ ಬಹಳ ಸೇರಿದ್ದು ಬೇರೆ. ನಮ್ಮ ತಾತ ಕುಂಬಾರಿಕೆ ಮಾಡುತ್ತಿದ್ದರು. ಮಣ್ಣಿಗೆ ನೀರೆಷ್ಟು, ಮರಳೆಷ್ಟು ಅಂತ ಕೇಳಿದರೆ, "ಅಳತೆ ಗಿಳತೆ ಇಲ್ಲ ಮಗಾ, ಕೈಗೆ ಗೊತ್ತಾಗುತ್ತೆ" ಅಂತಾರೆ. ಮಡಕೆಯನ್ನು ಮೊದಲು ನೆರಳಲ್ಲಿ ಆರಿಸಿ ಆಮೇಲೆ ಬಿಸಿಲಿಗೆ ಇಡೋದು, ಬಿರುಕು ಬಿಡದಿರಲಿ ಅಂತ ಮರಳು ಬೆರೆಸೋದು, ಆವಿಗೆಗೆ ಮೊದಲು ಸಣ್ಣ ಉರಿ ಕೊಡೋದು, ಇವೆಲ್ಲ ಪ್ರಯೋಗಾಲಯದವರು ಯಂತ್ರ ಇಟ್ಟು ಅಳೆಯುವ ಸಂಗತಿಗಳೇ. ಅವರು ಅಳೆದು ಬರೆದಿಡುತ್ತಾರೆ. ತಾತ ಬರೆದಿಟ್ಟಿಲ್ಲ. ಚಿಕ್ಕಪ್ಪ ತಿಗರಿ ಮುಟ್ಟಲಿಲ್ಲ, ಗಾರೆ ಕೆಲಸಕ್ಕೆ ಹೋಗುತ್ತಾರೆ. ಅದಕ್ಕೇ ಈಗ ತಾತನ ಕೈಯಲ್ಲಿ ಮಣ್ಣು ಕಲೆಸಿಸಿ, ನೀರನ್ನೂ ಮರಳನ್ನೂ ಲೋಟದಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಮಳೆಗಾಲದ ಹದ ಬೇರೆಯಂತೆ, ಅದು ಇನ್ನೂ ಬಾಕಿ.

ನೀವೂ ಮಾಡಿ ನೋಡಿ: ಕೆರೆಯ ಜೇಡಿಮಣ್ಣನ್ನು ಕಲ್ಲು ಕಡ್ಡಿ ತೆಗೆದು ಚಪಾತಿ ಹಿಟ್ಟಿನ ಹಾಗೆ ನಾದಿ, ಬೆರಳು ದಪ್ಪದ ಎರಡು ಪಟ್ಟಿ ಮಾಡಿ. ಎರಡರ ಮೇಲೂ ಕಡ್ಡಿಯಿಂದ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ. ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಇಡಿ. ಒಂದು ವಾರ ಬಿಟ್ಟು ಗೆರೆ ಅಳೆಯಿರಿ. ಯಾವುದು ಸೊಟ್ಟಗಾಯಿತು, ಯಾವುದು ಸೀಳಿತು ಅಂತಲೂ ನೋಡಿ. ಗೆರೆ 9.2 ಆಗಿದ್ದರೆ ಶೇಕಡ 8 ಕುಗ್ಗಿದೆ. ಹಾಗಾದರೆ ಒಣಗಿದ ಮೇಲೆ 10 ಸೆಂ.ಮೀ. ಉಳಿಯಬೇಕಾದರೆ ಹಸಿಯಲ್ಲಿ ಎಷ್ಟು ಉದ್ದ ಎಳೆಯಬೇಕು? 10.8 ಅಂತ ಅವಸರ ಮಾಡಬೇಡಿ, ಭಾಗಾಕಾರ ಮಾಡಿ. ಉತ್ತರವನ್ನೂ ಯಾವ ಕೆರೆಯ ಮಣ್ಣು ಅನ್ನೋದನ್ನೂ ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.