ಗೋಬಿಯ ಕೆಂಪು: ಕೃತಕ ವರ್ಣಗಳ ನಿಷೇಧ (2024)

ಬೆಂಗಳೂರಿನ ಜಯನಗರದ 4ನೇ ಬ್ಲಾಕಿನಿಂದ ಬನಶಂಕರಿಯವರೆಗೆ ಸಂಧ್ಯಾಕಾಲದಲ್ಲಿ ತಳ್ಳುಗಾಡಿಗಳ ಮುಂದೆ ನೆರೆಯುವ ಜನರು, ಬೆರಳ ತುದಿಗಂಟಿ ತೊಳೆದರೂ ಬಿಡದ ಗೋಬಿ ಮಂಚೂರಿಯ ಕೆಂಬಣ್ಣವನ್ನು ಬ್ಯಾಡಗಿ ಮೆಣಸಿನಕಾಯಿಯ ಪ್ರಸಾದವೆಂದೇ ಬಹುಕಾಲ ಭಾವಿಸಿದ್ದಿರಬೇಕು. ಆ ಭ್ರಮೆಗೆ ತೆರೆಯೆಳೆದುದು, 2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಹಾಗೂ ಬೊಂಬಾಯಿ ಮಿಠಾಯಿಯಲ್ಲಿ ಕೃತಕ ವರ್ಣಗಳ ಬಳಕೆಗೆ ಪ್ರಕಟಿಸಿದ ರಾಜ್ಯವ್ಯಾಪಿ ನಿಷೇಧ. ಪರೀಕ್ಷಿತವಾದ 171 ಗೋಬಿ ಮಾದರಿಗಳಲ್ಲಿ 107, ಬೊಂಬಾಯಿ ಮಿಠಾಯಿಯ 25ರಲ್ಲಿ 15 ಅಸುರಕ್ಷಿತವೆಂದು ಸಿದ್ಧವಾದುವು.

ಗೋಬಿಯಲ್ಲಿ ದೊರೆತವು ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಎಂಬ ಕೃತಕ ವರ್ಣಗಳು. ಮಿಠಾಯಿಯಲ್ಲಿದ್ದ ರೋಡಮೈನ್-ಬಿ ಮಾತ್ರ ಬೇರೆಯೇ ಜಾತಿಯದು: ವಸ್ತ್ರಕ್ಕೂ ಕಾಗದಕ್ಕೂ ಬಳಿಯುವ ಈ ವರ್ಣದ್ರವ್ಯಕ್ಕೆ ಆಹಾರದಲ್ಲಿ ಎಳ್ಳಷ್ಟೂ ಅನುಮತಿಯಿಲ್ಲ. ಟಾರ್ಟ್ರಜೈನ್ ಕೆಲವು ತಿನಿಸುಗಳಲ್ಲಿ ಮಿತಪ್ರಮಾಣದಲ್ಲಿ ಸಮ್ಮತವಾದರೂ, ಮಕ್ಕಳ ಏಕಾಗ್ರತೆಗೆ ಬಾಧಕವಾಗಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಯೂರೋಪಿನಲ್ಲಿ 2010ರಿಂದ ಕಡ್ಡಾಯ. ನಮ್ಮ ತಳ್ಳುಗಾಡಿಗೆ ಪೊಟ್ಟಣವೆಲ್ಲಿಯದು!

ನಿಷೇಧಕ್ಕೆ ಆಧಾರ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. 2024ರ ಜೂನ್‌ನಲ್ಲಿ, 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತವೆನಿಸಿದ ಮೇಲೆ, ಕಬಾಬಿಗೂ ಇದೇ ನಿರ್ಬಂಧ ಅನ್ವಯವಾಯಿತು.