ಗಾಳದ ಕೋಲಿಗೊಂದು ಗೂಟ

ಕೆರೆ ದಂಡೆಯಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಸರ್ರೆಂದು ಸದ್ದಾಯಿತು. ತಲೆ ಎತ್ತುವಷ್ಟರಲ್ಲಿ ನನ್ನ ಎಂಟಡಿಯ ರಾಡು ರೀಲಿನ ಸಮೇತ ಜಾರಿ ನೀರಿಗಿಳಿದಾಗಿತ್ತು. ಹಿಡಿಕೆ ಒಂದು ಕ್ಷಣ ಕಾಣಿಸಿತು, ಆಮೇಲೆ ಅದೂ ಇಲ್ಲ. ದಡದಲ್ಲಿ ಕವೆಗೋಲು ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಬಿದಿರು ಗಾಳ ಹಾಕಿಕೊಂಡಿದ್ದ ಹಿರಿಯರೊಬ್ಬರು, ‘ಮೀನೇ ನಿನ್ಗೆ ಗಾಳ ಹಾಕ್ತಲ್ಲಪ್ಪ’ ಎಂದು ಬೀಡಿ ಹಚ್ಚಿದರು.

ತಪ್ಪು ಕವೆಗೋಲಿನದಲ್ಲ. ಬಿದಿರು ಕೋಲಿಗೆ ರೀಲಿಲ್ಲ, ಬೆಂಡು ಕುಣಿಯುವುದನ್ನೇ ನೋಡುತ್ತ ಕೂತವನ ಕೈ ಕೋಲಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ಅಲ್ಲಿ ಕವೆ ಸಾಕು. ರೀಲಿನ ರಾಡಿನಲ್ಲಿ ಸೀಸದ ಗುಂಡು ಕಟ್ಟಿ, ಹಿಂಡಿ ಉಂಡೆಯನ್ನು ತಳಕ್ಕೆ ಬಿಟ್ಟು ಗೆಂಡೆಗೋ ಮೃಗಾಲಿಗೋ ಗಂಟೆಗಟ್ಟಲೆ ಕಾಯುವ ಆಟವೇ ಬೇರೆ. ತಂಗೂಸಿ ಬಿಗಿಯಾಗಿರುತ್ತದೆ. ಮೀನು ತಾನೇ ಗಾಳಕ್ಕೆ ಸಿಕ್ಕಿ ಓಡತೊಡಗಿದರೆ ಕವೆಯ ಮೇಲಿನ ಕೋಲು ಹಳಿಯ ಮೇಲಿನ ಗಾಡಿಯಂತೆ ಮುಂದೆ ಹೋಗುತ್ತದೆ. ಬೇಕಿರುವುದು ಮೀನು ಎಳೆದಾಗ ಬಿಡದ, ನಾವು ಎತ್ತಿದಾಗ ತಕ್ಷಣ ಬಿಡುವ ಸ್ಟ್ಯಾಂಡು. ಮೀನು ಎಳೆಯುವುದು ಮುಂದಕ್ಕೆ, ನಾವು ಎತ್ತುವುದು ಮೇಲಕ್ಕೆ. ಕೋಲಿನ ಬುಡವನ್ನು ಒಂದು ಕೊಳವೆಯೊಳಗೆ ಇಳಿಬಿಟ್ಟರೆ ಎರಡೂ ಕೆಲಸ ಆದಂತೆ.

ಬೇಕಾಗುವ ಸಾಮಾನು

ಒಂದಿಂಚಿನ ಕಬ್ಬಿಣದ ಆಂಗಲ್ ಮೂರಡಿ, 3 ಮಿ.ಮೀ. ದಪ್ಪದ್ದು. ಇಷ್ಟು ತುಂಡು ಸುಮಾರು ಒಂದು ಕೆ.ಜಿ. ತೂಗುತ್ತದೆ, ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕರೆ ಹೊಸದು ಕೊಳ್ಳಬೇಡಿ. 40 ಮಿ.ಮೀ. ಪಿವಿಸಿ ಪೈಪು ಒಂದಡಿಯಷ್ಟು, ದಪ್ಪ ಗೋಡೆಯದ್ದು. ಪಂಪ್‌ಸೆಟ್ ಅಂಗಡಿಯಲ್ಲಿ ಸಿಗುವ ಹೋಸ್ ಕ್ಲಿಪ್ ಎರಡು, ಪೈಪು ಆಂಗಲ್ ಎರಡನ್ನೂ ಸೇರಿಸಿ ಬಿಗಿಯುವ ಅಳತೆಯವು. ಎರಡೂವರೆ ಇಂಚಿನ ತೆಳ್ಳಗಿನ ಬೋಲ್ಟು ಒಂದು, ನಟ್ಟು ಸಮೇತ. ಹಳೆಯ ಸೈಕಲ್ ಟ್ಯೂಬು.

ಆಂಗಲ್ಲೇ ಯಾಕೆ, ಮನೆ ಕಟ್ಟಿ ಉಳಿದ ಕಂಬಿ ಸಾಲದೇ ಎಂದು ಕೇಳಬಹುದು. ನಾನೂ ಮೊದಲು ಕಂಬಿಯಲ್ಲೇ ಮಾಡಿದ್ದೆ. ಗುಂಡನೆಯ ಕಂಬಿ ಹಸಿಮಣ್ಣಿನಲ್ಲಿ ಗಿರಗಿರನೆ ತಿರುಗುತ್ತದೆ, ರಾಡಿನ ತುದಿ ನೀರು ಬಿಟ್ಟು ಪಕ್ಕದವರ ಕಡೆ ಮುಖ ಮಾಡುತ್ತದೆ. ಆಂಗಲ್ಲಿನ ಎರಡು ರೆಕ್ಕೆ ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಇನ್ನೊಂದು ಅನುಕೂಲವೂ ಇದೆ: 40 ಮಿ.ಮೀ. ಪೈಪು ಒಂದಿಂಚು ಆಂಗಲ್ಲಿನ ಮಡಿಲಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ.

ಕೆಲಸ

ಮೊದಲು ನಿಮ್ಮ ರಾಡನ್ನು ಅಳೆಯಿರಿ. ಬುಡದ ತುದಿಯಿಂದ ರೀಲಿನ ಕಾಲಿನವರೆಗೆ ಎಷ್ಟಿದೆಯೋ ಅದಕ್ಕೆ ಮೂರಿಂಚು ಸೇರಿಸಿ ಪೈಪು ಕತ್ತರಿಸಿ. ಹಿಡಿಕೆಯ ಸ್ಪಂಜು ದಪ್ಪವಿದ್ದರೆ ಪೈಪಿನೊಳಗೆ ಇಳಿಸಿ ನೋಡಿಕೊಂಡೇ ಅಂಗಡಿ ಬಿಡಿ. ಬಿಗಿಯಾಯಿತೆಂದರೆ 50 ಮಿ.ಮೀ. ಪೈಪಿಗೆ, ಅದಕ್ಕೆ ತಕ್ಕ ಕ್ಲಿಪ್ಪಿಗೆ ಹೋಗಬೇಕು.

ಪೈಪಿನ ಮೇಲ್ಬಾಯಲ್ಲಿ ಮುಕ್ಕಾಲಿಂಚು ಅಗಲ, ಎರಡಿಂಚು ಆಳದ ಸೀಳು ತೆಗೆಯಬೇಕು. ರೀಲಿನ ಕಾಲು ಕೂರುವುದು ಇಲ್ಲಿ. ಇಡೀ ಸ್ಟ್ಯಾಂಡಿನ ಜಾಣತನ ಇರುವುದು ಈ ಸೀಳಿನಲ್ಲಿ, ಹಾಗಾಗಿ ಅವಸರ ಬೇಡ. ಸೀಳಿನ ತಳದಲ್ಲಿ ಮೊದಲು ಬೈರಿಗೆಯಿಂದ ಒಂದು ದುಂಡು ತೂತು ಕೊರೆದು, ಆಮೇಲೆ ಮೇಲಿನಿಂದ ಎರಡು ಗೆರೆ ಆಕ್ಸಾ ಬ್ಲೇಡಿನಲ್ಲಿ ಕುಯ್ದುಕೊಂಡು ಬಂದು ಆ ತೂತಿಗೆ ಸೇರಿಸಿ. ತೂತಿಲ್ಲದೆ ಚೌಕಾಕಾರ ಕತ್ತರಿಸಿದರೆ ಮೂಲೆಯಿಂದ ಬಿರುಕು ಹೊರಟು ಪೈಪು ಸೀಳುತ್ತದೆ. ಅಂಚನ್ನೆಲ್ಲ ಅರದಿಂದ ತೀಡಿ, ಉಪ್ಪುಕಾಗದದಲ್ಲಿ ಉಜ್ಜಿ, ಬೆರಳಾಡಿಸಿ ನೋಡಿ. ಬೆರಳಿಗೆ ತಾಕುವ ಚೂರು ತಂಗೂಸಿಯನ್ನೂ ಕತ್ತರಿಸುತ್ತದೆ.

ಪೈಪಿನ ಕೆಳತುದಿಯಿಂದ ಒಂದಿಂಚು ಮೇಲೆ, ಎಡದಿಂದ ಬಲಕ್ಕೆ ಎರಡೂ ಗೋಡೆ ದಾಟುವಂತೆ ತೂತು ಮಾಡಿ ಬೋಲ್ಟು ತೂರಿಸಿ. ಕೋಲಿನ ಬುಡ ನಿಲ್ಲುವುದು ಈ ಅಡ್ಡಬೋಲ್ಟಿನ ಮೇಲೆ. ಕೆಲವರು ಬುಡಕ್ಕೆ ಕ್ಯಾಪು ಅಂಟಿಸುತ್ತಾರೆ. ಅದರೊಳಗೆ ನೀರು, ಮರಳು ತುಂಬಿ ಒಂದೇ ವಾರದಲ್ಲಿ ವಾಸನೆ ಹೊಡೆಯುತ್ತದೆ.

ಆಂಗಲ್ಲಿನ ಒಂದು ತುದಿಯನ್ನು ವೆಲ್ಡಿಂಗ್ ಶಾಪಿನಲ್ಲಿ ಚೂಪು ಮಾಡಿಸಿ. ಹಾಗೆಯೇ ಚೂಪಿನಿಂದ ಹದಿನಾಲ್ಕು ಇಂಚು ಮೇಲೆ ಅಂಗೈ ಉದ್ದದ ಪಟ್ಟಿಯೊಂದನ್ನು ಅಡ್ಡಕ್ಕೆ ಬೆಸುಗೆ ಹಾಕಿಸಿದರೆ ಕಾಲಿನಿಂದ ಮೆಟ್ಟಿ ಇಳಿಸಬಹುದು, ಕಲ್ಲು ಹುಡುಕಿ ಬಡಿಯುವ ಗೋಜಿಲ್ಲ. ಮೇಲ್ತುದಿಯಲ್ಲಿ ಪೈಪನ್ನು ಮಡಿಲಿಗೆ ಕೂರಿಸಿ, ನಡುವೆ ಟ್ಯೂಬಿನ ತುಂಡಿಟ್ಟು, ಎರಡು ಕ್ಲಿಪ್ಪು ಬಿಗಿಯಿರಿ. ಸೀಳು ಆಂಗಲ್ಲಿನ ಎದುರು ಬದಿಗೆ ಬರಬೇಕು. ಮೇಲಿನ ಕ್ಲಿಪ್ಪು ಸೀಳಿನ ತಳಕ್ಕೆ ಹತ್ತಿರವೇ ಇರಲಿ, ಮೀನಿನ ಎಳೆತ ಬೀಳುವುದು ಅಲ್ಲಿಗೆ. ಕ್ಲಿಪ್ಪಿನ ಬಾಲ ಉಳಿದರೆ ಕತ್ತರಿಸಿ ಟೇಪು ಸುತ್ತಿ. ನನ್ನ ಹೆಬ್ಬೆರಳಿನ ಗಾಯ ಇನ್ನೂ ಮಾಸಿಲ್ಲ.

ನೆಡುವ ಜಾಗ

ನೀರಿನಂಚಿನಿಂದ ಮೂರು ನಾಲ್ಕು ಅಡಿ ಹಿಂದೆ, ಸೀಳು ನೀರಿನ ಕಡೆ ಮುಖ ಮಾಡಿ ನೆಡಿ. ತಲೆ ಸ್ವಲ್ಪ ಮುಂದೆ ಬಾಗಿರಲಿ, ಗಡಿಯಾರದಲ್ಲಿ ಒಂದು ಗಂಟೆಗೆ ಚಿಕ್ಕ ಮುಳ್ಳು ನಿಂತಷ್ಟು. ಬೇಸಿಗೆಯಲ್ಲಿ ಹಿನ್ನೀರು ಸರಿದ ಜಾಗದಲ್ಲಿ ಮೇಲೆ ಒಣಗಿದ ಹೆಪ್ಪು, ಕೆಳಗೆ ಬರೀ ಕೆಸರು. ಅಲ್ಲೂ ಹೊಳೆಯ ಮರಳಿನಲ್ಲೂ ಮೂರಡಿ ಸಾಲದು, ನಾಲ್ಕಡಿಯ ಆಂಗಲ್ ಬೇಕು. ಹಂಪಿಯ ಆಸುಪಾಸಿನ ಬಂಡೆಗಳಂಥ ಕಡೆ ಯಾವ ಗೂಟವೂ ಇಳಿಯದು. ಮೂರು ಬಿದಿರು ಗಳುಗಳ ತಲೆ ಕಟ್ಟಿ ನಿಲ್ಲಿಸಿ, ಕಲ್ಲು ತುಂಬಿದ ಸಿಮೆಂಟ್ ಚೀಲವನ್ನು ನಡುವೆ ನೇತುಹಾಕಿ, ಒಂದು ಗಳುವಿಗೆ ಪೈಪು ಕಟ್ಟಿಕೊಳ್ಳಿ.

ಕೆರೆಯ ಏರಿಗೆ ಮಾತ್ರ ಗೂಟ ಹೊಡೆಯಬೇಡಿ. ಹಿಂದಿನ ಕಾಲದ ನೀರುಗಂಟಿ ನೋಡಿದ್ದರೆ ನಿಮ್ಮನ್ನೇ ಅಲ್ಲಿ ನೆಡುತ್ತಿದ್ದ. ಇನ್ನೊಂದು ಮಾತು: ಎಷ್ಟೋ ಕೆರೆಗಳ ಮೀನಿನ ಹಕ್ಕು ಹರಾಜಾಗಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ಕೂರಬೇಕು. ಶೃಂಗೇರಿ, ಶಿಶಿಲದ ದೇವರ ಮೀನುಗಳ ಹತ್ತಿರ ಚೀಲದಿಂದ ರಾಡು ತೆಗೆಯುವ ಯೋಚನೆಯೂ ಬೇಡ. ಪಂಪ್‌ಸೆಟ್ಟಿನ ತಂತಿ ತಗ್ಗಿ ಜೋತುಬಿದ್ದ ಕಡೆ ದೂರವಿರಿ. ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ, ಗುಡುಗಿದರೂ ಕೆಳಗಿಟ್ಟು ಎದ್ದುಬಿಡಿ.

ಗಾಳ ಎಸೆಯುವ ಮೊದಲು ಒಂದು ಪರೀಕ್ಷೆ. ರಾಡು ಸ್ಟ್ಯಾಂಡಿನಲ್ಲಿರಲಿ, ತಂಗೂಸಿ ಹಿಡಿದು ನೀರಿನಂಚಿಗೆ ನಡೆದು ಜಗ್ಗಿ. ಎಂಟಡಿಯ ಕೋಲು ಗೂಟದ ಪಾಲಿಗೆ ಎಂಟಡಿಯ ಹಾರೆ ಇದ್ದಂತೆ, ತುದಿಯ ಸಣ್ಣ ಜಗ್ಗಾಟವೂ ಬುಡವನ್ನು ಮೀಟುತ್ತದೆ. ಗೂಟ ಅಲುಗುವ ಮೊದಲೇ ರೀಲು ಕಿರ್ರೆಂದು ದಾರ ಬಿಡಬೇಕು. ಬಿಡದಿದ್ದರೆ ರೀಲಿನ ಡ್ರ್ಯಾಗ್ ಸಡಿಲಿಸಿ. ಕೊನೆಗೆ ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಗೆಜ್ಜೆಯೊಂದನ್ನು ಕಟ್ಟಿ ರಾಡಿನ ತುದಿಗೆ ಕಚ್ಚಿಸಿ. ಸಂತೆಯಲ್ಲಿ ಕರುವಿನ ಕೊರಳಿಗೆ ಮಾರುತ್ತಾರಲ್ಲ, ಅದೇ ಸಾಕು.

ಗೆಜ್ಜೆ ಅಲುಗಿದರೆ ಕೋಲನ್ನು ಹಿಂದಕ್ಕೆ ಸೆಳೆಯಬೇಡಿ, ಪೈಪಿನ ಉದ್ದಕ್ಕೆ ಮೇಲಕ್ಕೆತ್ತಿ. ಕೈಗೆ ರೂಢಿಯಾಗಲು ಮನೆಯಂಗಳದಲ್ಲೇ ಹತ್ತು ಸಲ ಎತ್ತಿ ಇಳಿಸಿ. ನಾನು ಇದನ್ನು ಮಾಡಿರಲಿಲ್ಲ. ಮೊದಲ ದಿನ ಗೆಜ್ಜೆ ಕೇಳಿದ ಗಾಬರಿಯಲ್ಲಿ ಸ್ಟ್ಯಾಂಡು ಸಮೇತ ಕಿತ್ತುಕೊಂಡು, ಒಂದು ಕೆ.ಜಿ. ಕಬ್ಬಿಣ ಹೊತ್ತೇ ಮುಕ್ಕಾಲು ಕೆ.ಜಿ. ಗೆಂಡೆಯನ್ನು ದಡಕ್ಕೆ ತಂದೆ.